ಉಳ್ಳಾಗಡ್ಡಿ ಹೂವಿನ ದಂಡಿ

ನಮ್ಮ ಸಸ್ಯಶಾಸ್ತ್ರದ ಟೀಚರ ಬಲಗೈ ಹೆಬ್ಬೆರಳು ವರ್ಷಪೂರ್ತಿ ಕೆಂಪಗಿರುತ್ತಿತ್ತು. ಲೋಕಲ್ ರೈಲಿನಲ್ಲಿ ಹೆಂಗಸರು ಯಾರ ಮದುವೆಯ ಮೆಹಂದಿ ಎಂದು ಕೇಳಿದರೆ ಟೀಚರು ನಕ್ಕುಬಿಡುತ್ತಿದ್ದರು. ಅದು ಪ್ರಯೋಗಾಲಯದ ಬಣ್ಣ. ಮೊಗ್ಗಿನೊಳಗಿನ ಪರಾಗಕೋಶವನ್ನು ಆ ಬಣ್ಣದಲ್ಲಿ ನೆನೆಸಿ, ಮೇಲೊಂದು ತೆಳುಗಾಜು ಇಟ್ಟು, ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದರು. ಗಾಜು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ.

ಧಾರವಾಡದ ಕಡೆಯವರು. ಮಾಟುಂಗದ ನಮ್ಮ ಕಾಲೇಜಿನಲ್ಲಿ ಅವರ ಪಾಠವೆಲ್ಲ ಇಂಗ್ಲಿಷು, ಬೈಗುಳ ಮಾತ್ರ ಕನ್ನಡ. ಅದೂ ಸಯನ್‌ನಿಂದ ಬರುತ್ತಿದ್ದ, ತರಗತಿಯಲ್ಲಿ ಕನ್ನಡ ಬಲ್ಲ ನನ್ನೊಬ್ಬಳಿಗೇ ಮೀಸಲು. ಆಗಿನ್ನೂ ಎಪ್ಪತ್ತರ ದಶಕದ ಆರಂಭ. ನಾನು ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಕಾಲೇಜು ಸಾಕು, ಗಂಡು ನೋಡುತ್ತೇನೆ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಪರಾಗ ಹುಟ್ಟುವುದನ್ನು ತೋರಿಸಲೆಂದೇ ಟೀಚರು ಲ್ಯಾಬಿನ ಹಿಂದೆ ಕುಂಡಗಳಲ್ಲಿ ಈರುಳ್ಳಿ ಬೆಳೆಸಿದ್ದರು. ಅದರ ಒಂದೇ ಹೂಗೊಂಚಲಿನಲ್ಲಿ ಎಲ್ಲ ಗಾತ್ರದ ಮೊಗ್ಗೂ ಇರುತ್ತವೆ. ನಾನು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಆರಿಸಿ ಪಳಗಿದವಳು. ಇನ್ನೇನು ಅರಳಲಿರುವ ದುಂಡು ಮೊಗ್ಗುಗಳನ್ನೇ ಕಿತ್ತೆ. ಸೂಕ್ಷ್ಮದರ್ಶಕದಲ್ಲಿ ಬಲಿತ ಪರಾಗ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವರು ನನ್ನ ತಟ್ಟೆ ನೋಡಿ, ‘ಉಳ್ಳಾಗಡ್ಡಿ ಹೂವಿನ ದಂಡಿ ಕಟ್ಟತೀಯೇನವಾ?’ ಎಂದರು. ಉಳ್ಳಾಗಡ್ಡಿ ಎಂದರೆ ಈರುಳ್ಳಿ, ದಂಡಿ ಎಂದರೆ ಮುಡಿಯುವ ಮಾಲೆ ಎಂದು ಉಡುಪಿ ಕಡೆಯ ನನಗೆ ಆಮೇಲೆ ತಿಳಿಯಿತು.

ಪಕ್ಕದಲ್ಲೇ ಕೂತು, ಅಕ್ಕಿನುಚ್ಚಿನಷ್ಟು ಸಣ್ಣ ಹಸಿರು ಮೊಗ್ಗು ಬಿಡಿಸಿಕೊಟ್ಟರು. ‘ಅರಳೂ ಹೊತ್ತಿಗೆ ಎಲ್ಲಾ ಮುಗದಿರತದ. ಇದರಾಗ ನೋಡು.’ ನೋಡಿದೆ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕೂ ಒಂದೇ ಗೋಡೆಯೊಳಗೆ ಚಾಳಿನ ಒಂದೇ ಕೋಣೆಯಲ್ಲಿ ನಮ್ಮ ಮನೆಯವರಂತೆ ಒತ್ತಿಕೊಂಡು ಕೂತಿದ್ದವು. ಆ ಗೋಡೆ ಕರಗಿದ ಮೇಲೆ ಒಂದೊಂದೂ ತನ್ನದೇ ಕವಚ ತೊಟ್ಟು ಪರಾಗವಾಗುತ್ತದೆ ಎಂದರು. ಎಷ್ಟು ಚೆಂದವಿತ್ತೆಂದರೆ ಪರೀಕ್ಷೆಯ ಭಯವೇ ಮರೆತುಹೋಯಿತು.

ಪರೀಕ್ಷೆಯಲ್ಲಿ ಈರುಳ್ಳಿ ಗೊಂಚಲೇ ಬಂತು. ಸಣ್ಣ ಮೊಗ್ಗು ಕಿತ್ತೆ, ಹೆಬ್ಬೆರಳು ಒತ್ತಿದೆ, ನಾಲ್ಕೂ ಕಂಡವು. ಡಿಗ್ರಿ ಮುಗಿಯುವವರೆಗೆ ಅಪ್ಪ ಗಂಡಿನ ಮಾತೆತ್ತಲಿಲ್ಲ.

ಕೆಲವು ವರ್ಷಗಳ ನಂತರ, ಅದೇ ಲ್ಯಾಬಿನಲ್ಲಿ ನಾನು ಪಾಠ ಹೇಳುವ ಕಾಲಕ್ಕೆ, ಟೀಚರು ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಿಬಂದ ಮರುದಿನವೇ ಕ್ಲಾಸಿತ್ತು. ಮರಾಠಿ ಹುಡುಗಿಯೊಬ್ಬಳು ತಟ್ಟೆ ತುಂಬ ದುಂಡು ಮೊಗ್ಗು ಕಿತ್ತು ತಂದಿದ್ದಳು.

‘ಉಳ್ಳಾಗಡ್ಡಿ ಹೂವಿನ ದಂಡಿ ಕಟ್ಟತೀಯೇನವಾ?’ ಎಂದುಬಿಟ್ಟೆ, ಅವರದೇ ರಾಗದಲ್ಲಿ.

ಹುಡುಗಿಗೆ ಒಂದಕ್ಷರವೂ ತಿಳಿಯಲಿಲ್ಲ. ನಾನು ಕಣ್ಣೊರೆಸಿಕೊಂಡು ಅವಳ ಪಕ್ಕ ಕೂತೆ, ಗೊಂಚಲಿನಲ್ಲಿ ಸಣ್ಣ ಮೊಗ್ಗು ಹುಡುಕತೊಡಗಿದೆ.