ಲೀಲಾಧರ ಮತ್ತು ನೂರೈವತ್ತು ಮಕ್ಕಳ ಕ್ಲಾಸು

ನನ್ನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಬ ಎನ್ನಬೇಡಿ. ಕಾರ್ಕಳದ ನಮ್ಮ ಇಗರ್ಜಿಯಲ್ಲಿ ನಾನು ಹಾಡಲು ನಿಂತರೆ ಅಂಗಳದಲ್ಲಿ ಹರಟುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ಆ ಗಂಟಲನ್ನೇ ನೆಚ್ಚಿಕೊಂಡು ನಾನು, ಸ್ಟ್ಯಾನಿಸ್ಲಾಸ್, ಉಡುಪಿಯ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಪಿಯುಸಿಯ ನೂರೈವತ್ತು ಮಕ್ಕಳು ಒಂದೇ ಹಾಲಿನಲ್ಲಿ. ಒಂದು ಗಂಟೆ ಉಸಿರು ಬಿಡದೆ ಮಾತಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಹಾಗಾಗಿ ೧೯೬೧ರ ಜೂನ್ ತಿಂಗಳಲ್ಲಿ ಫಿಸಿಕ್ಸಿಗೆ ಬಂದ ಲೀಲಾಧರನ ದನಿ ಕೇಳಿ ನನಗೆ ನಗು ತಡೆಯಲಿಲ್ಲ. ಎದುರು ಕುಳಿತು ಮಾತಾಡಿದರೂ ಕಿವಿಗೊಟ್ಟು ಕೇಳಬೇಕು, ಅಷ್ಟು ಸಣ್ಣ ದನಿ.

ಅವನು ಕಾಪು ಕಡಲಕರೆಯ ಮೊಗವೀರರ ಮನೆಯವನು. ತಾಯಿ ಸರಸ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಹದಿಮೂರಕ್ಕೆ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿ, ಎಮ್ಮೆಸ್ಸಿವರೆಗೂ ಓದಿ, ಹದಿನಾಲ್ಕು ವರ್ಷದ ಮೇಲೆ ಊರು ಸೇರಿದ್ದ. ಕೆಲಸ ಇನ್ನೂ ತಾತ್ಕಾಲಿಕ. ಆಗಸ್ಟ್ ಕೊನೆಗೆ ಖಾಯಂ ಆಗಬೇಕು, ಇಲ್ಲವಾದರೆ ಪುನಃ ಮುಂಬಯಿ. ಮಗ ಮನೆಯಲ್ಲಿ ಉಣ್ಣುತ್ತಾನೆ ಎಂದು ಸರಸ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಜುಲೈಯಲ್ಲಿ ಮಳೆ ಹಿಡಿಯಿತು. ನಮ್ಮ ಹಾಲಿಗೆ ಹೆಂಚಿನ ಮಾಡು. ಮಳೆ ಹೊಡೆಯತೊಡಗಿದರೆ ನನ್ನ ಗಂಟಲೇ ಆರನೆಯ ಬೆಂಚಿನಿಂದ ಆಚೆ ಹೋಗುತ್ತಿರಲಿಲ್ಲ. ಬಾಡಿಗೆಗೆ ಮೈಕ್ ತರಿಸಿದರು. ಮಳೆ ಬಂದರೆ ಕರೆಂಟೂ ಇಲ್ಲ, ಮೈಕೂ ಇಲ್ಲ. ನಾನು ಬಿಡದೆ ಕಿರುಚುತ್ತಿದ್ದೆ. ಲೀಲಾಧರ ಎಂತ ಮಾಡುತ್ತಾನೆ ನೋಡುವ ಎಂದು ಒಂದು ದಿನ ಜಗಲಿಯಿಂದ ಇಣುಕಿದೆ. ನೂರೈವತ್ತು ಮಕ್ಕಳೂ ಕಣ್ಣು ಮುಚ್ಚಿ, ಬಲಗೈ ಎದೆಗೆ ಹಿಡಿದು, ಪಿಟ್ಟೆನ್ನದೆ ಕುಳಿತಿದ್ದರು. ನಮ್ಮ ಪೂಜೆಯಲ್ಲಿ ಪಾಪ ಒಪ್ಪಿಕೊಳ್ಳುವಾಗ ಎದೆಗೆ ಕೈ ತರುತ್ತೇವೆ, ಥೇಟ್ ಹಾಗೆಯೇ. ಪಾಠ ಮಾಡಲು ಬಾರದೆ ಮಕ್ಕಳಿಂದ ಪ್ರಾರ್ಥನೆ ಮಾಡಿಸುತ್ತಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ. ನನ್ನ ಕ್ಲಾಸಿನಲ್ಲಿ ಅಂಥ ನಿಶ್ಶಬ್ದ ಎಂದೂ ಇರಲಿಲ್ಲ, ಆ ಹೊಟ್ಟೆಕಿಚ್ಚೂ ಇತ್ತು. ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ಫಿಸಿಕ್ಸ್ ಕ್ಲಾಸಿನಲ್ಲಿ ಪ್ರಾರ್ಥನೆಯಾ?" ಎಂದರು ಅವರು.

"ಹೌದು ಸರ್. ಎಲ್ಲ ಮತದವರೂ ಒಟ್ಟಿಗೆ."

"ನಾಳೆ ನಾನೇ ಕೂರುತ್ತೇನೆ. ನೀವು ಹೇಳಿದ್ದು ಹೌದಾದರೆ ಅವರನ್ನು ಖಾಯಂ ಮಾಡುವ ಮಾತಿಲ್ಲ."

ಮರುದಿನ ಅವರು ಹುಡುಗಿಯರ ಬೆಂಚುಗಳ ಹಿಂದೆ ಕುರ್ಚಿ ಹಾಕಿಸಿಕೊಂಡರು. ನಾನು ಅವರ ಪಕ್ಕದ ಬಾಗಿಲ ಹತ್ತಿರ ನಿಂತೆ. ಹೊರಗೆ ಮಳೆ ಸುರಿಯುತ್ತಿತ್ತು. ಲೀಲಾಧರ ಬಾಯಿ ತೆರೆಯಲಿಲ್ಲ. ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಪ್ರಶ್ನೆ ಬರೆದ. ಕೆರೆಯಲ್ಲಿ ಒಂದು ದೋಣಿ, ದೋಣಿಯಲ್ಲಿ ಒಂದು ಕಲ್ಲು. ಕಲ್ಲನ್ನು ಎತ್ತಿ ಕೆರೆಗೆ ಹಾಕಿದರೆ ಕೆರೆಯ ನೀರು ಏರುವುದೋ, ಇಳಿಯುವುದೋ, ಇದ್ದಲ್ಲೇ ಇರುವುದೋ? ಮೂರು ಉತ್ತರಗಳಿಗೂ ಕ್ರಮವಾಗಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ. ಎಲ್ಲರೂ ಕಣ್ಣು ಮುಚ್ಚಿ ಎದೆಗೆ ಕೈ ತಂದರು.

"ಎಂತ ಇದು?" ಎಂದು ಪ್ರಿನ್ಸಿಪಾಲರು ಎದುರಿನ ಹುಡುಗಿಯನ್ನು ಕೇಳಿದರು. ಹೂಡೆಯ ಕುಶಲಾ ಅವಳು.

"ಬೆರಳಿನಲ್ಲಿ ಉತ್ತರ ತೋರಿಸುವುದು ಸರ್. ಕಣ್ಣು ಮುಚ್ಚದಿದ್ದರೆ ಎಲ್ಲರೂ ಕ್ಲಾಸಿಗೇ ಫಸ್ಟ್ ಬರುವ ಓಸ್ವಾಲ್ಡನ ಕೈ ನೋಡುತ್ತಾರೆ. ನೀವೂ ತೋರಿಸಬೇಕು ಸರ್."

ನನ್ನ ಪ್ರಾರ್ಥನೆಯ ದೂರು ಅಲ್ಲಿಗೇ ಮುಗಿಯಿತು. ಇತಿಹಾಸದ ಪಂಡಿತರಾದ ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಒಂದು ಬೆರಳು ತೋರಿಸಿದರು. ನಾನೂ ಜೇಬಿನೊಳಗೇ ಒಂದು ಬೆರಳು ಹಿಡಿದಿದ್ದೆ. ಲೀಲಾಧರ ಬೆಂಚುಗಳ ನಡುವೆ ನಡೆದು ಎಲ್ಲ ಕೈಗಳನ್ನೂ ನೋಡಿ ಬಂದು, ಮೇಜು ಕುಟ್ಟಿ ಕಣ್ಣು ತೆರೆಸಿ, ಮೈ ಒರೆಸುವ ಕೆಂಪು ಬೈರಾಸೊಂದನ್ನು ತಲೆಯ ಮೇಲೆತ್ತಿ ಬೀಸಿದ. ಹಾಲೆಲ್ಲ ಜಗಳಕ್ಕೆ ಬಿದ್ದಿತು. ಬೇರೆ ಬೆರಳು ತೋರಿಸಿದವರನ್ನು ಹುಡುಕಿಕೊಂಡು ವಾದಿಸುವುದು. ಕುಶಲಾ ಪ್ರಿನ್ಸಿಪಾಲರ ಕಡೆಗೇ ತಿರುಗಿ ಕುಳಿತಳು.

"ಕಲ್ಲು ದೋಣಿಯಲ್ಲಿದ್ದರೆ ಅದರ ಭಾರದಷ್ಟು ನೀರು ಸರಿಯುತ್ತದೆ ಸರ್. ಮುಳುಗಿದ ಕಲ್ಲು ಅದರ ಗಾತ್ರದಷ್ಟೇ ಸರಿಸುವುದು. ಕಲ್ಲು ನೀರಿಗಿಂತ ಭಾರ, ಹಾಗಾಗಿ ಅದು ಕಡಿಮೆ ಅಲ್ವಾ?"

ಬೈರಾಸು ಇಳಿಯಿತು, ಮಾತು ನಿಂತಿತು. ಪುನಃ ಬೆರಳು. ಈ ಸಲ ಪ್ರಿನ್ಸಿಪಾಲರದೂ ಎರಡು.

ಕ್ಲಾಸು ಮುಗಿದ ಮೇಲೆ ಅವರು ಲೀಲಾಧರನನ್ನು ಕೇಳಿದರು, "ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ?"

"ಪುಸ್ತಕದಲ್ಲಲ್ಲ ಸರ್. ನಮ್ಮ ಬೂಬ ಮಾವ ರಂಪಣಿ ಎಳೆಸುವುದು ಹೀಗೆ. ಅಷ್ಟು ದೊಡ್ಡ ಬಲೆ, ಎರಡು ಕಡೆ ಹಗ್ಗ ಹಿಡಿದವರು ನೂರು ಜನ, ಕಡಲಿನ ಗೌಜಿಗೆ ಯಾರ ಮಾತೂ ಕೇಳುವುದಿಲ್ಲ. ಬೈರಾಸು ಬೀಸಿದರೆ ಎಳೆಯುತ್ತಾರೆ, ಇಳಿಸಿದರೆ ನಿಲ್ಲುತ್ತಾರೆ. ಸುಮ್ಮನೆ ನೋಡುತ್ತ ನಿಂತವರಿಗೆ ಅಲ್ಲಿ ಜಾಗವಿಲ್ಲ."

"ಖಾಯಂ ಆಯಿತು ಎಂದು ತಾಯಿಗೆ ಹೇಳಿ," ಎಂದರು ಪ್ರಿನ್ಸಿಪಾಲರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು, "ಸ್ಟ್ಯಾನಿಸ್ಲಾಸ್, ನಿಮ್ಮ ಕ್ಲಾಸಿನಲ್ಲೂ ಎರಡು ಸಲ ಕುಳಿತಿದ್ದೇನೆ. ಅಲ್ಲಿ ನನಗೆ ಒಂದೂ ತಪ್ಪಾಗಲಿಲ್ಲ. ಯಾರೂ ನನ್ನನ್ನು ಪ್ರಶ್ನೆಯೇ ಕೇಳಲಿಲ್ಲವಲ್ಲ."

ಮಧ್ಯಾಹ್ನ ನನ್ನ ಕ್ಲಾಸು. ಹಿಂದಿನ ವಾರವಿಡೀ ಕಿರುಚಿ ಹೇಳಿದ ಪಾಠದಿಂದಲೇ ಒಂದು ಪ್ರಶ್ನೆ, ಮೂರು ಉತ್ತರ ಬರೆದು, ಗೊತ್ತಿಲ್ಲದವರು ಮುಷ್ಟಿ ಹಿಡಿಯಿರಿ ಎಂದು ಕಣ್ಣು ಮುಚ್ಚಿಸಿದೆ. ಸರಿ ಬೆರಳು ತೋರಿಸಿದವರು ಹನ್ನೊಂದು ಮಂದಿ. ಮತ್ತೊಮ್ಮೆ ಎಣಿಸಿದೆ, ಅಷ್ಟೇ. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ನಾಲ್ಕು ವರ್ಷ ಯಾರಿಗೆ ಪಾಠ ಮಾಡಿದೆ ಎಂದು ನನಗೇ ತಿಳಿಯಲಿಲ್ಲ.

ಸಂಜೆ ಸ್ಟಾಫ್ ರೂಮಿನಲ್ಲಿ ಲೀಲಾಧರ ಒಬ್ಬನೇ ಇದ್ದ. ದೂರು ಹೇಳಿದವ ನಾನೇ ಎಂದು ಒಪ್ಪಿಕೊಂಡೆ.

"ಗೊತ್ತುಂಟು," ಎಂದ. "ಇವತ್ತು ನೀವೂ ಪ್ರಶ್ನೆ ಕೇಳಿದಿರಂತೆ. ಎಷ್ಟು ಮಂದಿ ಸರಿ ತೋರಿಸಿದರು?"

"ಹನ್ನೊಂದು."

ಅವನು ನಗಲಿಲ್ಲ. ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಎಳೆದ.

"ಹಾಗಾದರೆ ನೂರ ಮೂವತ್ತೊಂಬತ್ತು ಮಂದಿ ಬಾಕಿ ಇದ್ದಾರೆ. ಕೂತುಕೊಳ್ಳಿ ಮಾರಾಯ್ರೆ, ನಾಳೆಯ ಪ್ರಶ್ನೆ ಬರೆಯುವ."