ಜವರಮ್ಮನ ಕ್ಯಾಸೆಟ್

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸುಲಿದು ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಭಾಗಮ್ಮ ಸೇರಿದ್ದು ಹೆಂಗಸರನ್ನು ತಡವಿ ನೋಡುವ ಕೆಲಸಕ್ಕೆ. ಕಾಳು ಆರಿಸುವ ಹೆಂಗಸರು ಸಂಜೆ ಹೊರಡುವಾಗ ಗೇಟಿನ ಪಕ್ಕದ ತಗಡಿನ ಕೋಣೆಗೆ ಒಬ್ಬೊಬ್ಬರಾಗಿ ಬರಬೇಕು. ಅವರ ಸೊಂಟ, ಸೆರಗು, ತುರುಬು, ಊಟದ ಡಬ್ಬಿ ಎಲ್ಲವನ್ನೂ ಮುಟ್ಟಿ ನೋಡಿ ಬಿಡಬೇಕು. ಗಂಡ ದೇವರಾಜ ಅಲ್ಲೇ ಮೂಟೆ ಹೊರುತ್ತಿದ್ದವನು. ಅವನ ಬೆನ್ನು ಹೋಗಿ ಮನೆ ಹಿಡಿದ ಮೇಲೆ ಹೆಂಡತಿಗೆ ಕೊಟ್ಟ ಕೆಲಸ ಅದು.

ಗೋಣಿಬೀಡಿನ ಕಡೆಯ ಹೆಣ್ಣು, ಮಾತು ಕಡಿಮೆ, ಕೈ ಮೆತ್ತಗೆ. ಮೈ ಸರಿಯಿಲ್ಲದವಳು ಬಂದು ನಿಂತರೆ ಮುಖ ನೋಡಿಯೇ ತಿಳಿದುಕೊಂಡು ಮುಟ್ಟದೆ ಬಿಡುತ್ತಿದ್ದಳು. ಯಾರದಾದರೂ ಮಡಿಲಲ್ಲಿ ಹಿಡಿ ಕಾಳು ಸಿಕ್ಕರೆ, "ಹೋಗಿ ಅಲ್ಲೇ ಹಾಕಿ ಬಾ" ಎಂದು ಹಿಂದಕ್ಕೆ ಕಳಿಸುತ್ತಿದ್ದಳೇ ಹೊರತು ಮ್ಯಾನೇಜರ ಕಿವಿಗೆ ಹಾಕಿದವಳಲ್ಲ. ಹಾಗಾಗಿ ಹೆಂಗಸರಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಜವರಮ್ಮನಿಗಂತೂ ಸಲಿಗೆಯೇ ಇತ್ತು. ಇಬ್ಬರದೂ ಒಂದೇ ಬೀದಿ. ದಾರಿಯುದ್ದಕ್ಕೂ ಜವರಮ್ಮ ಮ್ಯಾನೇಜರ ನಡಿಗೆ, ಲೆಕ್ಕ ಬರೆಯುವ ರೈಟರ ಕೆಮ್ಮು ಎಲ್ಲವನ್ನೂ ಮಾಡಿ ತೋರಿಸಿ ನಗಿಸುತ್ತಿದ್ದಳು.

ಕಾಫಿ ರೇಟು ನೆಲ ಕಚ್ಚಿದ ವರ್ಷ ಕ್ಯೂರಿಂಗಿಗೆ ಕ್ಯಾಮೆರಾ ಬಂತು. ಎರಡು ಸಾವಿರದ ಒಂದನೇ ಇಸವಿ. ರೇಟು ಬಿದ್ದಷ್ಟೂ ಮಾಲೀಕರಿಗೆ ಒಂದೊಂದು ಕಾಳಿನ ಮೇಲೂ ಕಣ್ಣು. ಆಫೀಸಿನ ಹಿಂದಿನ ಕೋಣೆಯಲ್ಲಿ ಟೀವಿಗಳನ್ನು ಜೋಡಿಸಿದರು. ಕಣ, ಗೋದಾಮು, ಕಾಳು ಆರಿಸುವ ಶೆಡ್ಡು, ಗೇಟು ಎಲ್ಲವೂ ಅದರಲ್ಲಿ ಕಾಣುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಎಲ್ಲ ಕಡೆ ಕಂಡದ್ದೂ ದಿನಕ್ಕೊಂದು ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಸೆಕ್ಯೂರಿಟಿಯವರಿಗೆ ಕಲಿಸಲು ಮಂಗಳೂರಿನಿಂದ ಅರುಣ್ ಎಂಬ ತರಬೇತುದಾರ ಬಂದ. ಕಲಿಯಲು ಕೂತ ಗಂಡಸರ ನಡುವೆ ಭಾಗಮ್ಮ ಒಬ್ಬಳೇ ಹೆಂಗಸು.

ಅರುಣ್ ಚೆನ್ನಾಗಿಯೇ ಕಲಿಸಿದ. ಮುಖ ನೋಡಬೇಡಿ, ಕೈ ನೋಡಿ. ಒಂದೇ ಟೀವಿಗೆ ಅಂಟಿಕೊಳ್ಳಬೇಡಿ, ಕಣ್ಣು ಸುತ್ತುತ್ತಿರಲಿ. ಎಲ್ಲರೂ ಒಂದು ಕಡೆ ಹೋಗುವಾಗ ಒಬ್ಬರು ನಿಂತರೆ ಅಲ್ಲಿ ನೋಡಿ. ಕ್ಯಾಮೆರಾ ಕಡೆಗೆ ಮತ್ತೆ ಮತ್ತೆ ಕತ್ತೆತ್ತುವವರನ್ನು ಬಿಡಬೇಡಿ. ಉಳಿದವರು ಊಟವಾದ ಮೇಲೆ ಟೀವಿ ಮುಂದೆ ತೂಕಡಿಸುತ್ತಿದ್ದರು. ಭಾಗಮ್ಮನಿಗೆ ಮಾತ್ರ ಅದರಲ್ಲಿ ಹಿಡಿತ ಸಿಕ್ಕಿತು. ಇಷ್ಟು ವರ್ಷ ಕೈಯಲ್ಲಿ ಮುಟ್ಟಿ ತಿಳಿಯುತ್ತಿದ್ದದ್ದನ್ನು ಈಗ ದೂರದಿಂದ ನೋಡಿಯೇ ತಿಳಿಯಬಹುದಾಗಿತ್ತು. ಯಾರ ಮೈಯನ್ನೂ ಮುಟ್ಟಬೇಕಿಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನ.

ತರಬೇತಿಯ ಕೊನೆಯ ದಿನ, ಮಧ್ಯಾಹ್ನದ ಊಟದ ಗಂಟೆಗೆ ಸ್ವಲ್ಪ ಮೊದಲು, ಭಾಗಮ್ಮ ಟೀವಿಯ ಮುಂದಿದ್ದಳು. ಶೆಡ್ಡಿನಲ್ಲಿ ಹೆಂಗಸರು ಏಳುತ್ತಿದ್ದರು. ಒಬ್ಬಳು ಮಾತ್ರ ಕೂತೇ ಇದ್ದಳು. ಅವಳ ಕೈ ಪಕ್ಕದಿಂದ ಒಂದು ಪೊಟ್ಟಣ ಎತ್ತಿ ಸೊಂಟದ ಮಡಿಲಿಗೆ ಸೇರಿಸಿತು. ಆಮೇಲೆ ಅವಳು ಕ್ಯಾಮೆರಾದತ್ತ ಕತ್ತೆತ್ತಿದಳು.

"ಶೆಡ್ಡಲ್ಲಿ, ಕಂಬದ ಪಕ್ಕ!" ಎಂದು ಭಾಗಮ್ಮ ಕೂಗಿದಳು. ಕೂಗಿದ ಮೇಲೆ ಮುಖ ನೋಡಿದಳು. ಜವರಮ್ಮ.

ಗಾರ್ಡ್ ಚಿಕ್ಕಯ್ಯ ಆಗಲೇ ಓಡಿದ್ದ. ಅವನು ಜವರಮ್ಮನ ರಟ್ಟೆ ಹಿಡಿದು ಎಳೆದದ್ದು, ಸೆರಗು ಜಾರಿದ್ದು, ಪೊಟ್ಟಣ ಒಡೆದು ಕಾಳು ಚೆಲ್ಲಿದ್ದು, ಅವಳು ನಗುತ್ತಾ ಏನೋ ಹೇಳಲು ಹೋದದ್ದು, ಅವನು ಕೈ ಬೀಸಿ ಕೆನ್ನೆ ಕಿವಿ ಸೇರಿಸಿ ಹೊಡೆದದ್ದು, ಎಲ್ಲವನ್ನೂ ಭಾಗಮ್ಮ ಟೀವಿಯಲ್ಲೇ ನೋಡಿದಳು. ಶಬ್ದವಿರಲಿಲ್ಲ. ಜವರಮ್ಮನ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ನಗುತ್ತಿದ್ದಳು ಎಂಬುದು ಆಗ ಅವಳಿಗೆ ವಿಚಿತ್ರ ಅನ್ನಿಸಿತ್ತು.

ಶೆಡ್ಡಿಗೆ ಓಡಿ ಬರುವಷ್ಟರಲ್ಲಿ ಜವರಮ್ಮನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಆ ಸರ್ರೇ ಕೊಟ್ಟಿದ್ದು! ಪರೀಕ್ಷೆ ಅಂತ ಅವ್ರೇ ಕೊಟ್ಟಿದ್ದು! ಕೇಳಿ ಬೇಕಾರೆ!" ಎಂದು ಅವಳು ಅರುಣನ ಕಡೆ ಕೈ ತೋರಿಸಿ ಅರಚುತ್ತಿದ್ದಳು.

ಬಾಗಿಲಲ್ಲಿದ್ದ ಅರುಣ್ ಬಾಯಿ ತೆರೆದ. ಪಕ್ಕದಲ್ಲಿ ಮ್ಯಾನೇಜರ್ ಪೂರ್ಣೇಶ್ ನಿಂತಿದ್ದರು. ಅವರು ರಕ್ತ ನೋಡಿದರು, ಸುತ್ತ ಸೇರಿದ ಹೆಂಗಸರನ್ನು ನೋಡಿದರು.

"ಯಾವ ಸರ್ರು? ಸಿಕ್ಕಿಬಿದ್ದೋರೆಲ್ಲ ಹಿಂಗೇ ಹೇಳದು. ಸುಮ್ನೆ ಹೊರಡು. ಪೊಲೀಸಿಗೆ ಕೊಡ್ಲಿಲ್ಲ ಅಂತ ಪುಣ್ಯ ಅಂದ್ಕೋ" ಎಂದರು.

ಅರುಣ್ ತನ್ನ ಬೂಟು ನೋಡಿಕೊಂಡ. ಸಂಜೆಯ ಬಸ್ಸಿಗೆ ಮಂಗಳೂರಿಗೆ ಹೊರಟೂ ಹೋದ. ಹೋಗುವ ಮೊದಲು ತರಬೇತಿಯಲ್ಲಿ ಮೊದಲು ಬಂದದ್ದಕ್ಕೆ ಭಾಗಮ್ಮನಿಗೆ ಒಂದು ಸ್ಟೀಲಿನ ಡಬ್ಬಿಯನ್ನು ಅವನ ಕೈಯಿಂದಲೇ ಕೊಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾಗಮ್ಮ ಜವರಮ್ಮನ ಮಾತನ್ನು ನಂಬಲಿಲ್ಲ. ಪೂರ್ತಿ ನಂಬದೆಯೂ ಇರಲಿಲ್ಲ. ತಗಡಿನ ಕೋಣೆಯಲ್ಲಿ ಇಂಥ ನೂರು ನೆಪ ಕೇಳಿದ್ದಳು. ನಾನೇ ಕಣ್ಣಾರೆ ಕಂಡೆನಲ್ಲ ಎಂದು ಗಂಡನೆದುರು ಹೇಳಿಕೊಂಡಳು. "ಕಂಡಿದ್ರೆ ಆಯ್ತಲ್ಲ" ಎಂದು ಅವನು ಮಗ್ಗುಲು ಬದಲಿಸಿದ.

ಜವರಮ್ಮನ ಎಡಗಿವಿ ಮತ್ತೆ ಕೇಳಲಿಲ್ಲ. ಬೀದಿಯ ಹೆಂಗಸರ ಸಂಘದಿಂದ ಅವಳನ್ನು ಕೈಬಿಟ್ಟರು. ಎಸ್ಟೇಟುಗಳಿಗೆ ಹಣ್ಣು ಕೊಯ್ಯಲು ಹೋದರೆ, "ಕ್ಯೂರಿಂಗಲ್ಲಿ ಸಿಕ್ಕಿಬಿದ್ದೋಳಲ್ವಾ?" ಎಂದು ಮೇಸ್ತ್ರಿಗಳು ಅವಳೊಬ್ಬಳ ಚೀಲವನ್ನು ಎಲ್ಲರೆದುರು ಕೊಡವಿಸುತ್ತಿದ್ದರು. ಬೀದಿಯಲ್ಲಿ ಭಾಗಮ್ಮನನ್ನು ಕಂಡರೆ ಅವಳು ಬೈಯಲಿಲ್ಲ. ಒಂದು ಗಳಿಗೆ ನಿಂತು ನೋಡುತ್ತಿದ್ದಳು, ಏನೋ ಕೇಳಬೇಕಾದವಳ ಹಾಗೆ. ಭಾಗಮ್ಮನೇ ತಲೆ ತಗ್ಗಿಸಿ ದಾಟಿಹೋಗುತ್ತಿದ್ದಳು.

ಇತ್ತ ಭಾಗಮ್ಮ ಮೇಲೇರಿದಳು. ಮಾಲೀಕರು ಮೂಡಿಗೆರೆ, ಕಳಸದ ಎಸ್ಟೇಟುಗಳ ಗೋದಾಮಿಗೂ ಕ್ಯಾಮೆರಾ ಹಾಕಿಸಿದಾಗ ಅಲ್ಲಿನ ಗಾರ್ಡುಗಳಿಗೆ ಕಲಿಸುವ ಕೆಲಸ ಅವಳ ಪಾಲಿಗೆ ಬಂತು. ಜನ 'ಮೇಡಂ' ಅನ್ನತೊಡಗಿದರು. ಕಲಿಸಲು ಪೂರ್ಣೇಶ್ ಆ ದಿನದ ಕ್ಯಾಸೆಟ್ಟನ್ನೇ ಕೊಟ್ಟಿದ್ದರು. ಪೊಟ್ಟಣ ಎತ್ತುವ ಜಾಗಕ್ಕೆ ತಂದು ನಿಲ್ಲಿಸಿ, "ಇಲ್ಲಿಂದ ತೋರ್ಸು, ತೋರ್ಸಿದ ಮೇಲೆ ಮತ್ತೆ ಇಲ್ಲಿಗೇ ತಂದಿಡು" ಎಂದಿದ್ದರು. ಅವಳು ಹಾಗೇ ಮಾಡಿದಳು.

ತಂಡ ತಂಡವಾಗಿ ಗಾರ್ಡುಗಳು ಬಂದರು. ತಂಡ ತಂಡವಾಗಿ ಜವರಮ್ಮ ಏಟು ತಿಂದಳು. ಸೆರಗು ಜಾರುವಲ್ಲಿ ಯಾರಾದರೂ ಸಿಳ್ಳೆ ಹಾಕುತ್ತಿದ್ದರು. ಏಟು ಬೀಳುವಲ್ಲಿ ಎಲ್ಲರೂ ನಗುತ್ತಿದ್ದರು. "ಇನ್ನೊಂದ್ಸಲ ಹಾಕಿ ಮೇಡಂ, ಸರಿ ಕಾಣ್ಲಿಲ್ಲ" ಎಂದು ಕಳಸದವನೊಬ್ಬ ಕೇಳಿದಾಗ ಭಾಗಮ್ಮ ಹಾಕಿಯೂ ಹಾಕಿದಳು. ಊರಲ್ಲಿ ಜವರಮ್ಮನಿಗೆ 'ಟೀವಿ ಜವರಿ' ಎಂಬ ಹೆಸರು ಬಿತ್ತು.

ಒಂದು ಬುಧವಾರ ಸಂತೆಯಲ್ಲಿ ಭಾಗಮ್ಮ ಬದನೆಕಾಯಿ ಆರಿಸುತ್ತಿದ್ದಾಗ ಹಿಂದಿನಿಂದ ನಗು ಕೇಳಿತು. ಅವಳೇ ಕಲಿಸಿದ ಇಬ್ಬರು ಗಾರ್ಡುಗಳು. "ಟೀವಿ ಜವರಿ, ಮಡಿಲಲ್ಲೆಂತ ಇದೆ ತೋರ್ಸು ಮಾರಾಯ್ತಿ!" ಎನ್ನುತ್ತಾ ಒಬ್ಬ ಜವರಮ್ಮನ ಚೀಲ ಜಗ್ಗಿದ. ಟೊಮೆಟೊ ಕೆಸರಿಗೆ ಬಿದ್ದವು. ಭಾಗಮ್ಮನನ್ನು ಕಂಡು, "ನಮಸ್ಕಾರ ಮೇಡಂ" ಎಂದು ಅವರು ಹೊರಟರು. ಜವರಮ್ಮ ಕೂತು ಒಂದೊಂದೇ ಟೊಮೆಟೊ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆರಿಸಿಕೊಡಲು ಭಾಗಮ್ಮನಿಗೆ ಧೈರ್ಯ ಬರಲಿಲ್ಲ.

ಮರುದಿನ ಅವಳು ಆ ಕ್ಯಾಸೆಟ್ಟನ್ನು ಮೊದಲ ತುದಿಗೆ ಸುತ್ತಿ ಯಂತ್ರಕ್ಕೆ ಹಾಕಿ, ಅದರ ಮೇಲೆ ಇಡೀ ದಿನ ಖಾಲಿ ಕಣವನ್ನು ತುಂಬಿಸಿದಳು. ಸಂಜೆಗೆ ಜವರಮ್ಮ ಅದರಲ್ಲಿ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಭಾಗಮ್ಮನಿಗೆ ಎದೆ ಹಗುರಾಯಿತು. ಭಾನುವಾರ ತಲೆ ಸ್ನಾನ ಮಾಡಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಜವರಮ್ಮನ ಮನೆಗೆ ಹೋದಳು.

"ಜವರಕ್ಕ, ಆ ಕ್ಯಾಸೆಟ್ ಇಲ್ಲ ಇನ್ನು. ನಾನೇ ಅಳಿಸ್ದೆ. ಇನ್ನು ಯಾರೂ ನೋಡಲ್ಲ ನಿನ್ನ."

ಜವರಮ್ಮ ಬಲಗಿವಿ ಕೊಟ್ಟು ಮತ್ತೊಮ್ಮೆ ಹೇಳಿಸಿಕೊಂಡಳು.

"ಪೂರ್ತಿನಾ?"

"ಪೂರ್ತಿ. ಒಂಚೂರೂ ಉಳಿಸಿಲ್ಲ."

"ನಲ್ಲಿ ಹತ್ರದ್ದೂ?"

"ಯಾವ ನಲ್ಲಿ?"

"ಕಣದ ನಲ್ಲಿ ಕಣೇ ಭಾಗಿ. ಬೆಳಿಗ್ಗೆ ಕೈ ತೊಳೀತಿದ್ದೆ, ಆವಾಗ ಬಂದು ಕೊಟ್ಟಿದ್ದು ಆ ಸರ್ರು. ನೀನು ಚೆನ್ನಾಗಿ ನಾಟ್ಕ ಮಾಡ್ತೀಯಂತಲ್ಲ, ಇವತ್ತೊಂದು ಮಾಡು, ಭಾಗಮ್ಮ ಹಿಡೀತಾಳಾ ನೋಡಣ ಅಂದ್ರು. ನಂಗೂ ತಮಾಷೆ ಅನ್ನಿಸ್ತು. ಅಲ್ಲೂ ಕ್ಯಾಮೆರಾ ಇತ್ತು. ಅಲ್ಲಿ ನಿಂತು ಸೆರಗು ಬಿಚ್ಚಬೇಡ ಅಂತ ನೀನೇ ಹೇಳಿದ್ಯಲ್ಲ."

ಭಾಗಮ್ಮ ಕೈಯಲ್ಲಿದ್ದ ಬಾಳೆಹಣ್ಣನ್ನು ಜಗಲಿಯ ಮೇಲಿಟ್ಟಳು.

"ಆಫೀಸಿಗೆ ಹೋಗಿ ಎಷ್ಟು ಸಲ ಕೇಳ್ದೆ, ತೋರ್ಸಿ ಅಂತ. ಗೇಟಿನ ಒಳಗೇ ಬಿಡ್ಲಿಲ್ಲ. ಹೋಗ್ಲಿ, ಭಾಗಿ ಹತ್ರ ಇದೆಯಲ್ಲ, ಒಂದಲ್ಲ ಒಂದಿನ ಹಿಂದಕ್ಕೆ ಓಡ್ಸಿ ನೋಡೇ ನೋಡ್ತಾಳೆ ಅಂದ್ಕೊಂಡಿದ್ದೆ."

ಅವಳು ಬಾಳೆಹಣ್ಣನ್ನು ಭಾಗಮ್ಮನ ಕೈಗೆ ವಾಪಸ್ ಕೊಟ್ಟು ಬಾಗಿಲು ಮುಂದೆ ಮಾಡಿಕೊಂಡಳು.

ಸುಳ್ಳಿರಬೇಕು, ಸುಳ್ಳೇ ಇರಬೇಕು ಎಂದುಕೊಳ್ಳುತ್ತಾ ಭಾಗಮ್ಮ ಮನೆಗೆ ಬಂದಳು. ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ತಂಡ ಬಂದಾಗ ಕ್ಯಾಸೆಟ್ ಖಾಲಿ ಎಂಬುದು ಪೂರ್ಣೇಶರಿಗೆ ಗೊತ್ತಾಯಿತು. ಕೈತಪ್ಪಿ ಅಳಿಸಿಹೋಯಿತು ಎಂದಳು. ಅವರು ರೇಗಲೂ ಇಲ್ಲ.

"ಹೋಗ್ಲಿ ಬಿಡು, ಹಳೇದಾಗಿತ್ತು. ಹೊಸದೊಂದು ಮಾಡಣ. ಯಾರಿಗಾರೂ ಒಂದು ಪೊಟ್ಟಣ ಕೊಟ್ಟು ಬಚ್ಚಿಟ್ಕೋ ಅನ್ನು. ಯಾರಿಗೂ ಹೇಳ್ಬೇಡ. ಆವತ್ತು ಅರುಣ್ ಮಾಡಿದ ಹಾಗೇ."

"ಅವ್ರೇ ಕೊಟ್ಟಿದ್ದಾ ಸಾರ್?"

"ಮತ್ತೆ? ನಿಮ್ಗೆಲ್ಲ ಪರೀಕ್ಷೆ ಬೇಡ್ವಾ? ಆ ಚಿಕ್ಕಯ್ಯ ಹಂಗೆ ಹೊಡೀತಾನೆ ಅಂತ ಯಾರಿಗೆ ಗೊತ್ತಿತ್ತು. ಕೊಟ್ಟಿದ್ದು ನಾವೇ ಅಂದಿದ್ರೆ ಕೇಸು ನಮ್ಮ ತಲೆಗೆ ಬರ್ತಿತ್ತು." ಅವರು ಪೇಪರ್ ತಿರುಗಿಸಿದರು. "ಈ ಸಲ ಶೆಡ್ಡಲ್ಲಿರೋ ಆ ಶಂಕರಮ್ಮನ್ನ ನೋಡು. ಬಾಯಿ ಜಾಸ್ತಿ ಅವಳದ್ದು."

ಭಾಗಮ್ಮ ಆಫೀಸಿನಿಂದ ಹೊರಟವಳು ನೇರ ಶೆಡ್ಡಿಗೆ ಹೋದಳು. ಹೆಂಗಸರು ಚಹಾ ಕುಡಿಯುತ್ತಿದ್ದರು. ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: ಜವರಮ್ಮ ಕದ್ದಿರಲಿಲ್ಲ, ಪೊಟ್ಟಣ ಕೊಟ್ಟದ್ದು ಆಫೀಸಿನವರೇ, ಮ್ಯಾನೇಜರೇ ಈಗ ತನ್ನೆದುರು ಒಪ್ಪಿಕೊಂಡರು. ತನಗೂ ಹೀಗೇ ಮಾಡು ಎಂದರು, ತಾನು ಮಾಡುವುದಿಲ್ಲ.

ಶಂಕರಮ್ಮ ಚಹಾದ ಲೋಟ ಕೆಳಗಿಟ್ಟಳು. "ಈಗ ಹೇಳ್ತೀಯಲ್ಲ ಮಾರಾಯ್ತಿ. ಆವತ್ತು ಹಿಡ್ಕೊಟ್ಟೋಳು ನೀನೇ ಅಲ್ವಾ? ಡಬ್ಬಿ ತಗೊಂಡೋಳೂ ನೀನೇ."

ವಾರದೊಳಗೆ ಭಾಗಮ್ಮನನ್ನು ಕೆಲಸದಿಂದ ತೆಗೆದರು. ಕಳ್ಳತನದ ಸಾಕ್ಷಿಯನ್ನು ಬೇಕೆಂದೇ ಅಳಿಸಿದ್ದಾಳೆ ಎಂದು ಗೇಟಿನ ಬೋರ್ಡಿನಲ್ಲಿ ಬರೆದು ಹಾಕಿದರು. ಊರಿಗೆ ಅಷ್ಟು ಸಾಕಾಯಿತು. ಇಬ್ಬರೂ ಮೊದಲಿಂದ ಸೇರಿಕೊಂಡೇ ಇದ್ದರಂತೆ, ಅವಳು ಕದಿಯುವುದು ಇವಳು ಅಳಿಸುವುದು, ಇನ್ನೂ ಎಷ್ಟು ಕದ್ದಿದ್ದಾರೋ ಎಂದು ಮಾತಾಡಿಕೊಂಡರು. ಜವರಮ್ಮನಿಗೆ ಸಿಗುತ್ತಿದ್ದ ಅಷ್ಟಿಷ್ಟು ಎಸ್ಟೇಟ್ ಕೆಲಸವೂ ನಿಂತಿತು. ಒಂದು ಬೆಳಿಗ್ಗೆ ಅವಳ ಮನೆಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದಳೆಂದು ಯಾರೂ ಹೇಳಲಿಲ್ಲ. ಕೇಳಲು ಭಾಗಮ್ಮ ಹೋದ ಕಡೆಯಲ್ಲೆಲ್ಲ ಜನ ಮುಖ ತಿರುಗಿಸಿದರು.

ಭಾಗಮ್ಮ ಮದುವೆ ಛತ್ರವೊಂದರಲ್ಲಿ ಪಾತ್ರೆ ತೊಳೆಯಲು ಸೇರಿದಳು. ಎರಡು ಮಳೆಗಾಲ ಕಳೆದ ಮೇಲೆ, ಜವರಮ್ಮ ಕಳಸದಲ್ಲಿದ್ದಾಳೆ, ಮೆಣಸಿನ ವ್ಯಾಪಾರಿ ರಜಬ್ ಅಲಿಯವರ ಅಂಗಳದಲ್ಲಿ ಕೆಲಸಕ್ಕಿದ್ದಾಳೆ ಎಂಬ ಸುದ್ದಿ ಅಡುಗೆಯವರ ಬಾಯಿಂದ ಕಿವಿಗೆ ಬಿತ್ತು. ರಜೆ ಕೇಳಿ ಬಸ್ಸು ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು.

ಅಂಗಳದಲ್ಲಿ ಹೆಂಗಸರು ಕಾಳುಮೆಣಸು ಹರಡುತ್ತಿದ್ದರು. ಜವರಮ್ಮ ಅವರ ನಡುವೆ ಏನೋ ಮಾಡಿ ತೋರಿಸುತ್ತಿದ್ದಳು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಬೇಲಿಯ ಪಕ್ಕ ನಿಂತ ಭಾಗಮ್ಮನನ್ನು ಕಂಡು ಅವಳ ಕೈ ಅಲ್ಲೇ ನಿಂತಿತು.

ತಕ್ಕಡಿಯ ಬಳಿಯಿದ್ದ ರಜಬ್ ಅಲಿ ಕೇಳಿದರು: "ಯಾರಮ್ಮಾ ಅದು? ನಿಮ್ಮ ಕಡೆಯೋರಾ?"

"ಗೊತ್ತಿಲ್ಲ ಅಣ್ಣ" ಎಂದಳು ಜವರಮ್ಮ. "ದಾರಿ ತಪ್ಪಿ ಬಂದಿರ್ಬೇಕು."

ಅವರು ಬೇಲಿಯ ತನಕ ಬಂದು, "ಎಲ್ಲಿಗೆ ಹೋಗ್ಬೇಕಮ್ಮ?" ಎಂದು ವಿಚಾರಿಸಿದರು. ಬಸ್ ಸ್ಟ್ಯಾಂಡಿಗೆ ಎಂದಳು ಭಾಗಮ್ಮ. ಕೆಳಗಿನ ರಸ್ತೆಯಲ್ಲಿ ಇಳಿದು ಎಡಕ್ಕೆ ತಿರುಗಿ ಎಂದು ಅವರು ಕೈ ಮಾಡಿ ತೋರಿಸಿದರು. ಅವಳು ಇಳಿದು ಎಡಕ್ಕೆ ತಿರುಗಿದಳು.