ಕೊಪ್ಪದ ಬಸ್ಸಿನ ಬಾಣಂತಿ

ಕೊಪ್ಪದಲ್ಲಿ ಬಸ್ಸಿಗೆ ಕಾಯುವಾಗ ಹಸುಗೂಸು ಎತ್ತಿಕೊಂಡಿದ್ದ ಅಜ್ಜಿ ನನಗೆ ಮೆಲ್ಲಗೆ ಹೇಳಿದರು: ಎರಡನೆಯದೂ ಹೆಣ್ಣೆಂದು ಮನೆಯಲ್ಲಿ ಯಾರೂ ಸೊಸೆಯನ್ನು ಮಾತಾಡಿಸುತ್ತಿಲ್ಲ, ಅವಳಿಗೆ ನಿದ್ದೆಯೇ ಇಲ್ಲ, ಮಂಡ್ಯದ ಮನಸ್ಸಿನ ಡಾಕ್ಟರಿಗೆ ತೋರಿಸಬೇಕು.

ಬಸ್ಸಿನಲ್ಲಿ ಸೊಸೆ ನನ್ನ ಪಕ್ಕ ಕೂತಳು, ಅವಳಾಚೆ ಅಜ್ಜಿ. ಮುಂದಿನ ಸೀಟಿನಿಂದ ಅವರೂರಿನ ಹೆಂಗಸೊಬ್ಬರು ತಿರುಗಿ, "ಎತ್ಲಾಗ್ ಒಂಟ್ರಿ?" ಎಂದರು.

"ನನ್ ಮಂಡಿನೋವು ತೋರ್ಸಕೆ ಕಣಮ್ಮ," ಎಂದರು ಅಜ್ಜಿ.

ತಲೆತಗ್ಗಿಸಿ ಕೂತಿದ್ದ ಸೊಸೆ, "ನಂಗೇ ಕಣಕ್ಕ. ಮನ್ಸು ಸರಿಯಿಲ್ಲ. ಕೂಸ್ನ ಎತ್ಕಳಕೂ ಕೈ ಬರಾಕಿಲ್ಲ," ಎಂದಳು.

ಅಜ್ಜಿ ಗಾಬರಿಯಿಂದ ಸುತ್ತ ನೋಡಿದರು. ಆ ಹೆಂಗಸು ಸೊಸೆಯ ಕಡೆ ಬಾಗಿದರು.

"ನಮ್ ದೊಡ್ಡೋಳು ಉಟ್ದಾಗ ನಂಗೂ ಅಂಗೇ ಆಗಿತ್ತು ಕಣವ್ವ. ಯಾರ್ತಾವೂ ಏಳ್ಕಳ್ನಿಲ್ಲ."

ಆಮೇಲೆ ಎದ್ದು ಬಂದು ನನ್ನ ಸೀಟು ಕೇಳಿದರು. ನಾನು ಮುಂದಕ್ಕೆ ಹೋಗಿ ಕೂತೆ.